ಅರ್ಜಿ ತುಂಬಿಸುವ ಕೆಲಸ ಅಂಗಡಿಯದಲ್ಲ, ಕಾಲೇಜಿನದು

ಮಾನ್ಯ ಸಂಪಾದಕರೇ,

ದ್ವಿತೀಯ ಪಿಯು ಫಲಿತಾಂಶ ಬಂದ ಮರುದಿನ ಪತ್ರಿಕೆಯಲ್ಲಿ ಜಿಲ್ಲಾವಾರು ಪಟ್ಟಿ ಬರುತ್ತದೆ. ನನ್ನ ಕಣ್ಣು ಮೊದಲು ಹೋಗುವುದು ಆ ಪಟ್ಟಿಯ ತಳಕ್ಕೆ. 2025ರ ಪರೀಕ್ಷೆ-1ರಲ್ಲಿ ಉಡುಪಿ ಮೊದಲ ಸ್ಥಾನದಲ್ಲಿತ್ತು, ನಮ್ಮ ಯಾದಗಿರಿ ಕೊನೆಯ ಸ್ಥಾನದಲ್ಲಿತ್ತು. ಆಮೇಲೆ ಸಭೆಗಳು ನಡೆಯುತ್ತವೆ, ನಾಪಾಸಾದವರಿಗೆ ವಿಶೇಷ ತರಗತಿಯ ಮಾತು ಬರುತ್ತದೆ. ಆಗಬೇಕಾದದ್ದೇ. ಆದರೆ ಇಷ್ಟೆಲ್ಲ ಕಷ್ಟದ ನಡುವೆಯೂ ಪಾಸಾದ ಮಕ್ಕಳು ಮುಂದೆ ಎಲ್ಲಿಗೆ ಹೋದರು, ಯಾವ ಕಾಲೇಜಿಗೆ ಅರ್ಜಿ ಹಾಕಿದರು, ಹಾಕಿದ ಅರ್ಜಿ ಏನಾಯಿತು ಎಂದು ಯಾವ ಸಭೆಯಲ್ಲಿಯೂ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ. ಅದನ್ನು ಕೇಳಬೇಕೆಂದೇ ಈ ಪತ್ರ.

ಶಹಾಪುರದ ಬಸ್ ನಿಲ್ದಾಣದ ಹತ್ತಿರ ಹದಿನಾಲ್ಕು ವರ್ಷಗಳಿಂದ ಒಂದು ಸಣ್ಣ ಆನ್‌ಲೈನ್ ಕೇಂದ್ರ ನಡೆಸುತ್ತಿದ್ದೇನೆ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಯಂತ್ರ, ಒಂದು ಸ್ಕ್ಯಾನರ್, ಕರೆಂಟ್ ಹೋದರೆ ಎರಡು ಗಂಟೆ ತಡೆಯುವ ಬ್ಯಾಟರಿ, ಇಷ್ಟೇ ನನ್ನ ಬಂಡವಾಳ. ಪಹಣಿ, ಪಡಿತರ ಚೀಟಿ, ಬೆಳೆ ವಿಮೆ ವರ್ಷಪೂರ್ತಿ ಇದ್ದದ್ದೇ. ಫೆಬ್ರುವರಿಯಿಂದ ಆಗಸ್ಟ್‌ವರೆಗೆ ಮಾತ್ರ ಅಂಗಡಿಯ ಮುಂದೆ ಪಿಯು ಮಕ್ಕಳ ಚಪ್ಪಲಿಗಳೇ ತುಂಬಿರುತ್ತವೆ. ಸಿಇಟಿ, ನೀಟ್, ಸಿಯುಇಟಿ ಎಂಬ ಪ್ರವೇಶ ಪರೀಕ್ಷೆಗಳ ಅರ್ಜಿ, ಪದವಿ ಕಾಲೇಜಿನ ಪ್ರವೇಶ, ವಿದ್ಯಾರ್ಥಿವೇತನ, ಹಾಸ್ಟೆಲ್ ಎಲ್ಲವೂ ನನ್ನ ಮೇಜಿನ ಮೇಲೆಯೇ ಹಾದುಹೋಗುತ್ತವೆ. ನಾನು ಓದಿರುವುದು ಬಿಎ. ಹದಿನೇಳು ವರ್ಷದ ಮಗುವಿನ ಮುಂದಿನ ದಾರಿಯನ್ನು ತೋರಿಸಲು ನನಗೆ ಯಾರೂ ತರಬೇತಿ ಕೊಟ್ಟಿಲ್ಲ. ಆದರೂ ಸುತ್ತಲಿನ ಹತ್ತಾರು ಹಳ್ಳಿಗಳ ಮಕ್ಕಳು ಈ ಕೆಲಸಕ್ಕೆ ನನ್ನಂಥವರ ಬಳಿಯೇ ಬರುತ್ತಾರೆ. ಅವರಿಗೆ ಬೇರೆ ಬಾಗಿಲು ಇಲ್ಲ.

ಇದರಲ್ಲಿ ನನ್ನಿಂದಲೇ ಆದ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ.

2019ರಲ್ಲಿ ಒಂದು ಸಂಜೆ ಒಬ್ಬ ಹುಡುಗಿ ಅಪ್ಪನ ಜೊತೆ ಬಂದಳು. ಸಿಇಟಿ ಅರ್ಜಿ ಹಾಕಲು ಅಂದೇ ಕೊನೆಯ ದಿನ. ಅಂಗಡಿಯಲ್ಲಿ ಇನ್ನೂ ಹನ್ನೆರಡು ಜನ ಕಾಯುತ್ತಿದ್ದರು, ಸರ್ವರ್ ಬಾರಿಬಾರಿಗೂ ನಿಲ್ಲುತ್ತಿತ್ತು. ಅವಳ ಅಪ್ಪನಿಗೆ ಮೂರು ಎಕರೆ ಹೊಲ, ತೊಗರಿ ಮತ್ತು ಹತ್ತಿ. ಅವಳಿಗೆ ಬಿಎಸ್ಸಿ ಕೃಷಿ ಓದುವ ಆಸೆ. ಅದೂ ಎಲ್ಲೋ ದೂರದ ಊರಿನಲ್ಲಿ ಅಲ್ಲ, ಶಹಾಪುರದಿಂದ ಕೆಲವೇ ಕಿಲೋಮೀಟರ್ ದೂರದ ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲಿ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಆ ಕಾಲೇಜಿನ ಹೆಸರನ್ನು ಅವಳು ಮೂರು ಬಾರಿ ಹೇಳಿದಳು. ಅರ್ಜಿಯ ನಡುವೆ ಒಂದು ಪ್ರಶ್ನೆ ಬರುತ್ತದೆ: ಹೈದರಾಬಾದ್ ಕರ್ನಾಟಕ ಪ್ರದೇಶದ ಮೀಸಲಾತಿ ಕೋರುತ್ತೀರಾ? ನಾನು ಕೇಳಿದೆ, “ತಂಗಿ, 371ಜೆ ಪ್ರಮಾಣಪತ್ರ ಮಾಡಿಸಿದ್ದೀಯಾ?” ಈ ಭಾಗದವರೆಂದು ತೋರಿಸಿ ಆ ಮೀಸಲಾತಿ ಪಡೆಯಲು ಬೇಕಾದ ಪತ್ರ ಅದು. ಅವಳು ಅಪ್ಪನ ಮುಖ ನೋಡಿದಳು, ಅಪ್ಪ ನನ್ನ ಮುಖ ನೋಡಿದರು. ಇಬ್ಬರಿಗೂ ಆ ಹೆಸರೇ ಹೊಸದು. ಹಿಂದೆ ನಿಂತವರು ಅವಸರ ಮಾಡುತ್ತಿದ್ದರು. ಕೈಯಲ್ಲಿ ಪ್ರಮಾಣಪತ್ರ ಇಲ್ಲವಲ್ಲ ಎಂದುಕೊಂಡು ‘ಇಲ್ಲ’ ಎಂಬ ಖಾನೆಯನ್ನು ಒತ್ತಿ ಮುಂದಿನ ಪುಟಕ್ಕೆ ಹೋದೆ.

ನಾಲ್ಕು ಸೆಕೆಂಡಿನ ಕೆಲಸ. ಸಂವಿಧಾನದ 98ನೇ ತಿದ್ದುಪಡಿಯಿಂದ ನಮಗೆ ಬಂದ 371ಜೆ ವಿಧಿ, 2013ರಲ್ಲಿ ಹೊರಟ ಆದೇಶ, ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ನಮ್ಮ ಮಕ್ಕಳಿಗೆಂದೇ ಇಟ್ಟ ಶೇ 70 ಸೀಟುಗಳು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಇಟ್ಟ ಶೇ 8 ಸೀಟುಗಳು, ಇದಕ್ಕಾಗಿ ದಶಕಗಳ ಕಾಲ ನಡೆದ ಹೋರಾಟ, ಎಲ್ಲವೂ ಆ ನಾಲ್ಕು ಸೆಕೆಂಡಿನಲ್ಲಿ ಆ ಹುಡುಗಿಯ ಪಾಲಿಗೆ ಇಲ್ಲದಂತಾಯಿತು. ಅವಳಿಗೆ ಆ ವರ್ಷ ಕೃಷಿ ಸೀಟು ಸಿಗಲಿಲ್ಲ. ಆ ಖಾನೆಯಲ್ಲಿ ‘ಹೌದು’ ಎಂದಿದ್ದರೆ ಸಿಗುತ್ತಿತ್ತು ಎಂದು ನಾನು ಆಣೆ ಮಾಡಿ ಹೇಳಲಾರೆ. ಆದರೆ ಅವಳು ನಿಲ್ಲಬೇಕಾಗಿದ್ದ ಸಾಲಿನಲ್ಲಿ ಅವಳನ್ನು ನಾನು ನಿಲ್ಲಿಸಲೇ ಇಲ್ಲ. ಅವಳು ಹುಟ್ಟಿದ್ದು ಶಹಾಪುರದಲ್ಲಿ, ಓದಿದ್ದು ಇದೇ ತಾಲ್ಲೂಕಿನಲ್ಲಿ. ಯಾದಗಿರಿಯ ಉಪವಿಭಾಗಾಧಿಕಾರಿ ಕಚೇರಿಗೆ ಮೊದಲೇ ಅರ್ಜಿ ಕೊಟ್ಟಿದ್ದರೆ ಪ್ರಮಾಣಪತ್ರ ಕೈಗೆ ಬರುತ್ತಿತ್ತು. ಮೊದಲೇ ಹೇಳುವವರು ಇರಲಿಲ್ಲ.

ಇನ್ನೂ ಒಂದು ಮಾತು ಆಮೇಲೆ ತಿಳಿಯಿತು. ಕೃಷಿಕರ ಮಕ್ಕಳಿಗೆ ಕೃಷಿ ಪದವಿಯಲ್ಲಿ ಪ್ರತ್ಯೇಕ ಕೋಟಾ ಇದೆ. ಅದಕ್ಕೆ ತಹಶೀಲ್ದಾರರ ಪ್ರಮಾಣಪತ್ರ ಬೇಕು, ಬೇರೆಯದೇ ಪ್ರಾಯೋಗಿಕ ಪರೀಕ್ಷೆಗೆ ಹಾಜರಾಗಬೇಕು. ಬೀಜ, ಗೊಬ್ಬರ, ಕೃಷಿ ಸಲಕರಣೆಗಳನ್ನು ಗುರುತಿಸಲು ಹೇಳುವ ಪರೀಕ್ಷೆ ಅದು. ರಜೆಯಲ್ಲೆಲ್ಲ ಹೊಲದಲ್ಲಿ ಇದ್ದವಳು, ರಾಶಿಯ ಮುಂದೆ ಕೂತು ಬೀಜದ ತೊಗರಿಯನ್ನು ಬೇರೆ ಆರಿಸಿಡುವ ಮನೆಯ ಮಗಳು ಆ ಪರೀಕ್ಷೆಗೆ ಕೂರಲಿಲ್ಲ. ಅಂಥದೊಂದು ಪರೀಕ್ಷೆ ಇದೆ ಎಂಬುದೇ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಅಂದಿನಿಂದ ನಾನು ಅರ್ಜಿಯ ಮೊದಲ ಪುಟ ತೆರೆಯುವ ಮುಂಚೆ ಮಗುವನ್ನು ಹತ್ತು ನಿಮಿಷ ಕೂರಿಸಿ ಮಾತನಾಡಿಸುತ್ತೇನೆ. ಒಂದನೇ ತರಗತಿಯಿಂದ ಹತ್ತರವರೆಗೆ ಯಾವ ಯಾವ ಊರಿನಲ್ಲಿ ಓದಿದೆ? ಕನ್ನಡ ಮಾಧ್ಯಮವೇ? ಹತ್ತು ವರ್ಷವೂ ಗ್ರಾಮೀಣ ಶಾಲೆಯಲ್ಲಿ ಓದಿದ್ದರೆ ಶೇ 15 ಗ್ರಾಮೀಣ ಮೀಸಲಾತಿ ಇದೆ, ಹತ್ತು ವರ್ಷವೂ ಕನ್ನಡ ಮಾಧ್ಯಮವಾಗಿದ್ದರೆ ಶೇ 5 ಇದೆ. ನಮ್ಮ ಕಡೆಯ ಎಷ್ಟೋ ಮಕ್ಕಳಿಗೆ ಎರಡೂ ಸಲ್ಲುತ್ತವೆ. ಆದರೆ ಐದನೆಯವರೆಗೆ ಸ್ವಂತ ಊರು, ಆರು-ಏಳು ಸೋದರಮಾವನ ಊರು, ಎಂಟರಿಂದ ವಸತಿ ಶಾಲೆ ಎಂದು ಓದಿದ ಮಗುವಿನ ದಾಖಲೆ ಮೂರು ಕಡೆ ಚದುರಿರುತ್ತದೆ. ವ್ಯಾಸಂಗ ಪ್ರಮಾಣಪತ್ರ ಬೇಕೆಂದರೆ ಮೂರು ಶಾಲೆಗೂ ಹೋಗಬೇಕು, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಆಗಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಹಾಕಿದರೆ ಹೆಸರು ತಾಳೆಯಾಗಬೇಕು. ಹತ್ತನೆಯ ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ‘ಹಣಮಂತ’, ಆಧಾರ್‌ನಲ್ಲಿ ‘ಹನುಮಂತಪ್ಪ’, ಆದಾಯ ಪ್ರಮಾಣಪತ್ರದಲ್ಲಿ ‘ಹಣಮಂತ್ರಾಯ’ ಎಂದಿರುತ್ತದೆ. ಮನೆಯವರಿಗೆ ಮೂವರೂ ಒಬ್ಬರೇ, ಕಂಪ್ಯೂಟರಿಗೆ ಅಲ್ಲ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ. ಎಂಟನೇ ತರಗತಿಗೆ ಸೇರುವಾಗ ಮಾಡಿಸಿದ್ದು ಪಿಯು ಮುಗಿಯುವ ಹೊತ್ತಿಗೆ ತೀರಿರುತ್ತದೆ, ಅದು ತೀರಿದ್ದು ಕೊನೆಯ ದಿನವೇ ಗೊತ್ತಾಗುತ್ತದೆ.

ಇದ್ಯಾವುದೂ ದೊಡ್ಡ ವಿದ್ಯೆಯಲ್ಲ. ಮೂರು ತಿಂಗಳ ಕಾಲಾವಕಾಶವಿದ್ದರೆ ಎಲ್ಲವೂ ಸರಿಹೋಗುವಂಥದ್ದು. ಮೂರು ಗಂಟೆಯಲ್ಲಿ ಯಾವುದೂ ಸರಿಹೋಗುವುದಿಲ್ಲ.

ಆ ಮೂರು ತಿಂಗಳು ಯಾವುವು ಎಂಬುದೇ ನನ್ನ ಪತ್ರದ ಮುಖ್ಯ ವಿಷಯ. ಬೆಂಗಳೂರಿನಲ್ಲಿ ಕುಳಿತು ನೋಡುವವರಿಗೆ ಪ್ರವೇಶದ ಕಾಲವೆಂದರೆ ಪರೀಕ್ಷೆ ಮುಗಿದ ಮೇಲಿನ ಬೇಸಿಗೆ. ನಮ್ಮ ಜಿಲ್ಲೆಯ ಪಂಚಾಂಗ ಬೇರೆ. ಇಲ್ಲಿ ದೀಪಾವಳಿ ಮುಗಿದು ಹೊಲದ ಕೆಲಸ ಇಳಿಯುತ್ತಿದ್ದಂತೆ ಊರಿಗೆ ಊರೇ ಗುಳೆ ಹೊರಡುತ್ತದೆ. ಬೆಂಗಳೂರು, ಪುಣೆ, ಮುಂಬೈ. ಗಂಡ ಹೆಂಡತಿ ಇಬ್ಬರೂ ಹೋಗುತ್ತಾರೆ, ಪಿಯು ಓದುವ ಮಗಳನ್ನು ಅಜ್ಜಿಯ ಜೊತೆ ಬಿಡುತ್ತಾರೆ. ಅವರು ತಿರುಗಿ ಬರುವುದು ಯುಗಾದಿಗೆ, ಇಲ್ಲವೇ ಊರಿನ ಜಾತ್ರೆಗೆ. ಸಿಇಟಿ, ನೀಟ್, ಸಿಯುಇಟಿ ಅರ್ಜಿಗಳೆಲ್ಲ ತೆರೆದು ಮುಚ್ಚುವುದು ಸಾಮಾನ್ಯವಾಗಿ ಈ ನಡುವಿನ ದಿನಗಳಲ್ಲಿಯೇ. ಸಹಿ ಹಾಕಬೇಕಾದ ತಂದೆ ಇಲ್ಲ, ತಹಶೀಲ್ದಾರ್ ಕಚೇರಿಗೆ ಅಲೆಯಬೇಕಾದ ತಾಯಿ ಇಲ್ಲ, ಓಟಿಪಿ ಬರುವ ಮೊಬೈಲ್ ಊರಿನಲ್ಲೇ ಇಲ್ಲ.

ಓಟಿಪಿಯ ಕಷ್ಟವನ್ನು ಹತ್ತಿರದಿಂದ ಕಾಣದವರಿಗೆ ಅದು ಸಣ್ಣದೆನಿಸಬಹುದು. ಹೋದ ವರ್ಷ ಒಬ್ಬ ಹುಡುಗ ರಾತ್ರಿ ಒಂಬತ್ತರ ಹೊತ್ತಿಗೆ ನನ್ನ ಎದುರು ಕುಳಿತಿದ್ದ. ನೋಂದಣಿಗೆ ಕೊಟ್ಟಿದ್ದು ಅಪ್ಪನ ನಂಬರ್, ಅಪ್ಪ ಪುಣೆಯಲ್ಲಿ ಸ್ಲ್ಯಾಬ್ ಹಾಕುವ ಕೆಲಸದಲ್ಲಿ. ಮೊದಲ ಬಾರಿ ಕರೆ ಮಾಡಿದಾಗ ಮಿಕ್ಸರ್ ಯಂತ್ರದ ಸದ್ದಿನಲ್ಲಿ ಏನೂ ಕೇಳಲಿಲ್ಲ. ಎರಡನೆಯ ಬಾರಿ ಅವರು ದೂರ ಬಂದು ನಿಂತು ಮಾತನಾಡಿದರು. ಅಂಕಿಗಳು ಬಂದಿವೆ, ಆದರೆ ಅವರಿಗೆ ಓದಲು ಬರುವುದಿಲ್ಲ. ಪಕ್ಕದಲ್ಲಿದ್ದ ಮರಾಠಿ ಮೇಸ್ತ್ರಿಯ ಕೈಗೆ ಫೋನ್ ಕೊಟ್ಟರು. ಮೇಸ್ತ್ರಿ “ಸಹಾ, ನಊ, ದೋನ್...” ಎಂದು ಓದತೊಡಗಿದ. ಅವನು ಓದಿ ಮುಗಿಸಿ, ನಾನು ಅದನ್ನು ಆರು, ಒಂಬತ್ತು, ಎರಡು ಎಂದು ತಿರುಗಿಸಿ ಒತ್ತುವಷ್ಟರಲ್ಲಿ ಅವಧಿ ಮುಗಿದಿತ್ತು. ಮತ್ತೆ ಹೊಸ ಓಟಿಪಿ, ಮತ್ತೆ ಕರೆ. ಮೂರನೆಯ ಬಾರಿಗೆ ಆಯಿತು. ಅಷ್ಟು ಹೊತ್ತೂ ಆ ಹುಡುಗ ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡೇ ಇದ್ದ. ಕೊನೆಗೆ ಅಪ್ಪ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: “ಆಯಿತೇನಪ್ಪಾ? ಊಟ ಮಾಡಿದೆಯಾ?”

ಆದ್ದರಿಂದ ನಾನು ಕೇಳುವುದು ಇಷ್ಟು. ಯಾದಗಿರಿ, ಕಲಬುರಗಿ, ಬೀದರ್ ಜಿಲ್ಲೆಗಳ ಪ್ರತಿ ಸರ್ಕಾರಿ ಪಿಯು ಕಾಲೇಜಿನಲ್ಲಿ ಮುಂದಿನ ಓದಿನ ಮಾರ್ಗದರ್ಶನ ದಸರಾ ರಜೆ ಮುಗಿದ ಕೂಡಲೇ ಆರಂಭವಾಗಬೇಕು, ತಂದೆ ತಾಯಿ ಗುಳೆ ಹೊರಡುವ ಮೊದಲು. ಒಬ್ಬ ಉಪನ್ಯಾಸಕರಿಗೆ ಅದನ್ನು ಹೆಸರಿಸಿ ವಹಿಸಬೇಕು. ಅವರ ಪಾಠದ ಅವಧಿಗಳನ್ನು ಅಷ್ಟರಮಟ್ಟಿಗೆ ಇಳಿಸಬೇಕು. ಇದನ್ನು ಇರುವ ಹೊರೆಯ ಮೇಲೆ ಇನ್ನೊಂದು ಹೊರೆಯಾಗಿ ಹೊರಿಸಿದರೆ ನಡೆಯುವುದಿಲ್ಲವೆಂದು ನನಗೆ ಗೊತ್ತು. ಎಷ್ಟೋ ಕಾಲೇಜುಗಳು ಅತಿಥಿ ಉಪನ್ಯಾಸಕರ ಮೇಲೆಯೇ ನಡೆಯುತ್ತಿವೆ, ಅವರಿಗೆ ತಮ್ಮ ಮುಂದಿನ ವರ್ಷವೇ ಖಾತ್ರಿಯಿಲ್ಲ. ಹಾಗಿದ್ದೂ ನಮ್ಮ ತಾಲ್ಲೂಕಿನ ಒಂದು ಕಾಲೇಜಿನಲ್ಲಿ ಒಬ್ಬ ಮೇಡಂ ಭಾನುವಾರ ತಮ್ಮ ಮನೆಯ ಪಡಸಾಲೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ದಾಖಲೆ ತಾಳೆ ನೋಡುತ್ತಾರೆ. ಅವರ ಕಾಲೇಜಿನಿಂದ ಬರುವ ಮಕ್ಕಳ ಅರ್ಜಿ ನನ್ನ ಅಂಗಡಿಯಲ್ಲಿ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಉಳಿದವರದು ಎರಡು ದಿನವಾದರೂ ಮುಗಿಯುವುದಿಲ್ಲ. ಒಬ್ಬರಿಂದ ಇಷ್ಟಾಗುತ್ತದೆ ಎನ್ನುವುದನ್ನು ಪ್ರತಿ ವರ್ಷ ಕಣ್ಣಾರೆ ನೋಡುತ್ತಿದ್ದೇನೆ.

ಪ್ರಮಾಣಪತ್ರಗಳ ವಿಷಯದಲ್ಲಿ ಕಂದಾಯ ಇಲಾಖೆ ಮನಸ್ಸು ಮಾಡಬೇಕು. ಒಬ್ಬೊಬ್ಬ ವಿದ್ಯಾರ್ಥಿ ನಾಡಕಚೇರಿಗೆ ಅಲೆದು, ಭೀಮಾ ಸೇತುವೆ ದಾಟಿ ಯಾದಗಿರಿಯ ಉಪವಿಭಾಗಾಧಿಕಾರಿ ಕಚೇರಿಗೆ ಅಲೆದು, ‘ನಾಳೆ ಬಾ’ ಎಂದಾಗ ನಾಳೆಯ ತರಗತಿಯನ್ನೂ ಬಿಡುವ ಬದಲು, ನವೆಂಬರಿನಲ್ಲಿ ಒಂದು ದಿನ ಸಿಬ್ಬಂದಿಯೇ ಕಾಲೇಜಿಗೆ ಬಂದು ದ್ವಿತೀಯ ಪಿಯು ಮಕ್ಕಳೆಲ್ಲರ 371ಜೆ ಅರ್ಜಿ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅರ್ಜಿಗಳನ್ನು ಸ್ವೀಕರಿಸಲಿ. ಆಧಾರ್ ಅದಾಲತ್, ಪಿಂಚಣಿ ಅದಾಲತ್ ಮಾಡುವ ಇಲಾಖೆಗೆ ಇದು ಅಸಾಧ್ಯವೇನಲ್ಲ. ಹುಡುಗಿಯರಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತವಾಗಿದೆ, ಅದರಿಂದ ದೊಡ್ಡ ಅನುಕೂಲವಾಗಿದೆ, ನಿಜ. ಆದರೆ ಮಗಳನ್ನು ಒಬ್ಬಳೇ ಕಚೇರಿಗೆ ಕಳಿಸಲು ಒಪ್ಪದ ಮನೆಯಿಂದ ಜೊತೆಗೆ ಒಬ್ಬರು ಬರಬೇಕು, ಬಂದವರ ಒಂದು ದಿನದ ಕೂಲಿ ಹೋಗುತ್ತದೆ. ಅದು ಉಚಿತವಲ್ಲ.

ಕಾಲೇಜಿನ ಕಂಪ್ಯೂಟರ್ ಕೊಠಡಿಯ ಬೀಗವೂ ಈ ದಿನಗಳಲ್ಲಿ ತೆಗೆದಿರಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ನಮ್ಮ ಭಾಗದಲ್ಲಿ ಕೊಠಡಿಗಳು ಎದ್ದಿವೆ, ಅದಕ್ಕೆ ನಾವು ಋಣಿಗಳು. ಆ ಕೊಠಡಿಗಳಲ್ಲಿ ಫೆಬ್ರುವರಿಯಿಂದ ಆಗಸ್ಟ್‌ವರೆಗೆ ಸಂಜೆ ಏಳರ ತನಕ ಒಬ್ಬರನ್ನು ಕೂರಿಸಲು, ಇಂಟರ್‌ನೆಟ್ ಮತ್ತು ಪ್ರಿಂಟ್‌ನ ಖರ್ಚು ಕೊಡಲು ಅದೇ ಮಂಡಳಿ ಒಂದು ಪಾಲನ್ನು ತೆಗೆದಿಡಬಹುದು. ಹಾಗಾದರೆ ನನ್ನ ಅಂಗಡಿಯ ಆದಾಯದಲ್ಲಿ ಮುಕ್ಕಾಲು ಭಾಗ ಹೋಗುತ್ತದೆ. ಹೋಗಲಿ. ಪಹಣಿ, ಬೆಳೆ ವಿಮೆ ನನ್ನ ಮನೆ ನಡೆಸಲು ಸಾಕು.

ದಾಖಲೆಯ ಮಾತನ್ನೇ ಇಷ್ಟು ಆಡಿದೆ. ಅದಕ್ಕಿಂತ ಕಷ್ಟದ್ದು, ಏನು ಓದಬೇಕೆಂಬ ಮಾತು. “ಏನು ಓದುತ್ತೀ?” ಎಂದು ಕೇಳಿದರೆ ಹತ್ತರಲ್ಲಿ ಏಳು ಮಕ್ಕಳು “ನೀವೇ ಹೇಳಿ ಸರ್” ಎನ್ನುತ್ತಾರೆ. ವಿಜ್ಞಾನ ಓದಿದವರಿಗೆ ಎಂಜಿನಿಯರಿಂಗ್, ಎಂಬಿಬಿಎಸ್ ಬಿಟ್ಟರೆ ಮೂರನೆಯದು ಗೊತ್ತಿಲ್ಲ. ಪಶುವೈದ್ಯರಾಗಬಹುದು, ಅದರ ವಿಶ್ವವಿದ್ಯಾಲಯ ನಮ್ಮ ಬೀದರ್‌ನಲ್ಲೇ ಇದೆ ಎಂದರೆ ಕಣ್ಣರಳಿಸುತ್ತಾರೆ. ಮನೆಯಲ್ಲಿ ಎರಡು ಎಮ್ಮೆ, ಹತ್ತು ಮೇಕೆ ಸಾಕಿದ ಹುಡುಗನಿಗೆ ಆ ಮಾತನ್ನು ಹೇಳಿದವನು ನಾನೇ ಮೊದಲಿಗ, ಅದೂ ಸಿಇಟಿ ಅರ್ಜಿಯ ದಿನ ಮುಗಿದ ಮೇಲೆ. ನಮ್ಮ ರಾಜ್ಯದಲ್ಲಿ ಪಶುವೈದ್ಯಕೀಯ ಪದವಿಗೂ ಸಿಇಟಿ ಬರೆದಿರಬೇಕು. ಅವನು ಬರೆದಿರಲಿಲ್ಲ. ಸಿಇಟಿ ಎಂದರೆ ಎಂಜಿನಿಯರಿಂಗ್‌ಗೆ ಹೋಗುವವರಿಗೆ ಮಾತ್ರ, ಲಕ್ಷಗಟ್ಟಲೆ ಕೊಟ್ಟು ಕೋಚಿಂಗ್‌ಗೆ ಹೋದವರಿಗೆ ಮಾತ್ರ ಎಂದುಕೊಂಡಿದ್ದ.

ಕಲಾ ವಿಭಾಗದ ಮಕ್ಕಳನ್ನಂತೂ ಯಾರೂ ಮಾತನಾಡಿಸುವುದೇ ಇಲ್ಲ. ಅವರಿಗೆ ಅರ್ಜಿಯ ಕಾಲವೇ ಇಲ್ಲ, ಫಲಿತಾಂಶ ಬಂದ ಮೇಲೆ ಹತ್ತಿರದ ಪದವಿ ಕಾಲೇಜಿಗೆ ಹೋದರಾಯಿತು ಎಂಬ ಭಾವನೆ ಬೇರೂರಿದೆ. ಕಲಬುರಗಿಯ ಆಳಂದ ರಸ್ತೆಯ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ದೇಶದ ಬೇರೆ ಬೇರೆ ರಾಜ್ಯಗಳಿಂದ ಮಕ್ಕಳು ರೈಲು ಹತ್ತಿ ಅಲ್ಲಿಗೆ ಓದಲು ಬರುತ್ತಾರೆ. ಅಲ್ಲಿ ಪದವಿಗೆ ಸೇರಲು ಸಿಯುಇಟಿ ಬರೆಯಬೇಕು. 2022ರಲ್ಲಿ ಆರಂಭವಾದ ಈ ಪರೀಕ್ಷೆಯನ್ನು 13 ಭಾಷೆಗಳಲ್ಲಿ ಬರೆಯಬಹುದು, ಅದರಲ್ಲಿ ಕನ್ನಡವೂ ಒಂದು. ಕನ್ನಡದಲ್ಲಿ ಬರೆಯಬಹುದು ಎಂದಾಗ ಶಹಾಪುರದ ಒಬ್ಬ ಹುಡುಗಿ “ಕೇಂದ್ರದ ಪರೀಕ್ಷೆಯನ್ನೇ?” ಎಂದು ಎರಡು ಸಲ ಕೇಳಿದಳು. ಶಿಕ್ಷಕಿಯಾಗಬೇಕೆನ್ನುವ ಮಕ್ಕಳಿಗೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಪಿಯು ನಂತರ ನಾಲ್ಕೇ ವರ್ಷದಲ್ಲಿ ಪದವಿ ಮತ್ತು ಬಿಎಡ್ ಎರಡೂ ಮುಗಿಯುತ್ತವೆ ಎಂಬುದು ಗೊತ್ತಿಲ್ಲ. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ ಪದವಿಗೆ ಸೇರಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ವಿದ್ಯಾರ್ಥಿವೇತನ ಈಗ ನಮ್ಮ ರಾಜ್ಯದಲ್ಲಿಯೂ ಇದೆ, ವರ್ಷಕ್ಕೆ 30,000 ರೂಪಾಯಿ. ಮದುವೆಗೆ ಗಂಡು ನೋಡುತ್ತಿರುವ ಮನೆಯಲ್ಲಿ ಆ ಮೂವತ್ತು ಸಾವಿರದ ಮಾತು ಒಂದು ವರ್ಷದ ಮಟ್ಟಿಗೆ ಮದುವೆಯನ್ನು ಮುಂದೂಡಿದ್ದನ್ನು ನಾನು ನೋಡಿದ್ದೇನೆ. ಆ ತಾಯಿ ಅಂಗಡಿಯ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಯೋಚಿಸಿ, “ಓದಲಿ ಬಿಡಿ ಅಣ್ಣಾ, ಮೂರು ವರ್ಷವೇ ತಾನೇ” ಎಂದರು.

ಸಿಇಟಿಯ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ಬರೆದುಕೊಡುವುದರ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಪ್ರತಿ ವರ್ಷ ಇಲ್ಲಿಯೇ ಒಳ್ಳೆಯ ರ‍್ಯಾಂಕಿನ ಮಕ್ಕಳೂ ಎಡವುತ್ತಾರೆ. ಕಾಲೇಜುಗಳನ್ನು ಬರೆಯುವಾಗ ‘ನನಗೆ ಸಿಗಬಹುದಾದದ್ದನ್ನು’ ಮೇಲೆ ಬರೆಯುತ್ತಾರೆ. ಊರಿನ ಯಾರೋ ಅಣ್ಣ “ನಿನ್ನ ರ‍್ಯಾಂಕಿಗೆ ದೊಡ್ಡ ಕಾಲೇಜು ಮೊದಲು ಹಾಕಿದರೆ ಇದ್ದದ್ದೂ ಹೋಗುತ್ತದೆ” ಎಂದು ಹೆದರಿಸಿರುತ್ತಾನೆ. ಅದು ತಪ್ಪು. ಕಂಪ್ಯೂಟರ್ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತದೆ. ಮೊದಲನೆಯದು ಸಿಗದಿದ್ದರೆ ಎರಡನೆಯದಕ್ಕೆ, ಎರಡನೆಯದು ಸಿಗದಿದ್ದರೆ ಮೂರನೆಯದಕ್ಕೆ ಬರುತ್ತದೆ. ಆಸೆಯ ಕಾಲೇಜನ್ನು ಮೇಲೆ ಬರೆದಿದ್ದಕ್ಕೆ ಕೆಳಗಿನ ಕಾಲೇಜು ಕೈ ತಪ್ಪುವುದಿಲ್ಲ. ಆದರೆ ಕೆಳಗಿನದನ್ನು ಮೇಲೆ ಬರೆದರೆ, ಅದು ಸಿಕ್ಕ ಕೂಡಲೇ ಮೇಲಿನದರ ಬಾಗಿಲು ಆ ಸುತ್ತಿಗೆ ಮುಚ್ಚುತ್ತದೆ. ನಿಜವಾಗಿಯೂ ಬೇಕಾದ ಕ್ರಮದಲ್ಲಿ ಬರೆಯಬೇಕು, ಎರಡು ಮೂರಕ್ಕೆ ನಿಲ್ಲಿಸದೆ ಉದ್ದಕ್ಕೆ ಬರೆಯಬೇಕು. ಕಳೆದ ವರ್ಷ ಒಬ್ಬ ಹುಡುಗ ಕಲಬುರಗಿಯ ಹಳೆಯ, ಹೆಸರಾದ ಕಾಲೇಜನ್ನು ಆರನೆಯದಾಗಿ ಬರೆದಿದ್ದ. ನಿಜವಾದ ಹಂಚಿಕೆಗೆ ಮುಂಚೆ ನಡೆಯುವ ಅಣಕು ಸೀಟು ಹಂಚಿಕೆಯಲ್ಲಿ ಅವನಿಗೆ ಮೊದಲನೆಯದಾಗಿ ಬರೆದ ಕಾಲೇಜೇ ಬಂತು, ಸಂತೋಷಪಡುತ್ತಾ ಬಂದ. ನಾನು ಆರನೆಯದನ್ನು ಮೇಲಕ್ಕೆ ತರಿಸಿದೆ. ಮೊದಲ ಸುತ್ತಿನಲ್ಲಿ ಅದೇ ಸಿಕ್ಕಿತು. ಅಣಕು ಹಂಚಿಕೆ ಇರುವುದೇ ಹೀಗೆ ತಿದ್ದಿಕೊಳ್ಳಲು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಶುಲ್ಕದ ಹೆದರಿಕೆಯೂ ಅರ್ಧ ತಿಳಿವಳಿಕೆಯಿಂದ ಬಂದದ್ದು. ಖಾಸಗಿ ಕಾಲೇಜಿನ ಹೆಸರು ಕಂಡ ಕೂಡಲೇ ಪಟ್ಟಿಯಿಂದ ಅಳಿಸಿ ಎನ್ನುತ್ತಾರೆ. ಇರುವ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಕೊಡುವ ಸಂಖ್ಯಾತಿರಿಕ್ತ ಕೋಟಾ, ಅಂದರೆ ಎಸ್‌ಎನ್‌ಕ್ಯೂ ಸೀಟುಗಳು ಶೇ 5ರಷ್ಟಿವೆ, ಕುಟುಂಬದ ಆದಾಯ 8 ಲಕ್ಷದ ಒಳಗಿದ್ದರೆ ಬೋಧನಾ ಶುಲ್ಕದ ವಿನಾಯಿತಿ ಇದೆ ಎಂದು ಹೇಳಿದರೆ ನಂಬುವುದಿಲ್ಲ. ಸೇರಿದ ಮೇಲೆ ವಿದ್ಯಾರ್ಥಿವೇತನಕ್ಕೆ ಬೇರೆ ಅರ್ಜಿ, ಹಾಸ್ಟೆಲಿಗೆ ಬೇರೆ ಅರ್ಜಿ ಹಾಕಬೇಕೆಂಬುದು ಗೊತ್ತಿರುವುದಿಲ್ಲ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದೆ ಮಂಜೂರಾದ ಹಣವೂ ಬಾರದೆ ಎರಡನೆಯ ಸೆಮಿಸ್ಟರಿಗೆ ಓದು ಬಿಟ್ಟು ಬೆಂಗಳೂರಿಗೆ ಕೆಲಸಕ್ಕೆ ಹೋದವರ ಹೆಸರುಗಳು ನನ್ನ ರಿಜಿಸ್ಟರಿನಲ್ಲಿವೆ. ಅರ್ಜಿ ತುಂಬುವುದೆಂದರೆ ಸೇರಿಸಿ ಕೈ ತೊಳೆದುಕೊಳ್ಳುವುದಲ್ಲ. ಮೊದಲ ವಿದ್ಯಾರ್ಥಿವೇತನದ ಹಣ ಖಾತೆಗೆ ಬೀಳುವವರೆಗೆ ಮಗುವಿನ ಜೊತೆ ಒಬ್ಬರು ಇರಬೇಕು.

2020ರಿಂದ ನಾನು ಒಂದು ಕೆಲಸ ಮಾಡುತ್ತಿದ್ದೇನೆ. ಪ್ರಾಚಾರ್ಯರ ಒಪ್ಪಿಗೆ ಪಡೆದು ಎರಡು ಕಾಲೇಜುಗಳಿಗೆ ದೀಪಾವಳಿಯ ಹೊತ್ತಿಗೆ ಹೋಗುತ್ತೇನೆ. ಪ್ರತಿ ವಿದ್ಯಾರ್ಥಿಗೂ ಒಂದು ನೀಲಿ ಪ್ಲಾಸ್ಟಿಕ್ ಫೈಲ್ ಕೊಡುತ್ತೇನೆ, ಒಳಗೆ ಬೇಕಾದ ದಾಖಲೆಗಳ ಹೆಸರು ಬರೆದ ಒಂದು ಹಾಳೆ ಅಂಟಿಸಿರುತ್ತೇನೆ. ಯಾವುದು ಸಿಕ್ಕಿತೋ ಅದರ ಮುಂದೆ ಅವರೇ ಗುರುತು ಹಾಕಬೇಕು. ಸ್ವಂತದ ಒಂದು ಮೊಬೈಲ್ ನಂಬರ್ ಮತ್ತು ಪಾಸ್‌ವರ್ಡನ್ನು ಆ ಹಾಳೆಯ ಹಿಂದೆ ಬರೆದಿಡಬೇಕು, ಯಾವ ಅಂಗಡಿಯವನ ಬಳಿಯೂ ಬಿಡಬಾರದು, ನನ್ನ ಬಳಿಯೂ. ಆ ಫೈಲ್ ಹಿಡಿದು ಬರುವ ಮಕ್ಕಳ ನಡಿಗೆಯೇ ಬೇರೆ. ಆದರೆ ಎರಡು ಕಾಲೇಜಿನ ಆಚೆಗೆ ನನ್ನ ಕೈ ಸಾಗುವುದಿಲ್ಲ. ಸುರಪುರ, ಹುಣಸಗಿ, ಗುರುಮಠಕಲ್, ವಡಗೇರಾದ ಮಕ್ಕಳಿಗೆ ಯಾರಿದ್ದಾರೆ?

ಮೇಲಿನ ಅಧಿಕಾರಿಗಳು ಒಂದು ಸುತ್ತೋಲೆ ಹೊರಡಿಸಿ ಸುಮ್ಮನಾಗುವುದು ಬೇಡ. ಯಾವ ಕಾಲೇಜಿನಲ್ಲಿ ಎಷ್ಟು ಮಕ್ಕಳು ಪಾಸಾದರು ಎಂದು ಕೇಳುವ ಸಭೆಯಲ್ಲಿಯೇ, ಅವರಲ್ಲಿ ಎಷ್ಟು ಮಂದಿಯ ಕೈಯಲ್ಲಿ ಡಿಸೆಂಬರ್ ಕೊನೆಗೆ 371ಜೆ ಪ್ರಮಾಣಪತ್ರ ಇತ್ತು, ಎಷ್ಟು ಮಂದಿ ಅರ್ಜಿ ಹಾಕಿದರು, ಎಷ್ಟು ಮಂದಿ ಸೇರಿದರು ಎಂದೂ ಕೇಳಲಿ. ಕೇಳುವವರಿದ್ದರೆ ಕೆಲಸ ತಾನಾಗಿ ನಡೆಯುತ್ತದೆ. ಸಂಕ್ರಾಂತಿಗೆ ಮೈಲಾಪುರದ ಜಾತ್ರೆ ಬರುತ್ತದೆ. ಅಷ್ಟರೊಳಗೆ ಜಿಲ್ಲೆಯ ಪ್ರತಿ ದ್ವಿತೀಯ ಪಿಯು ವಿದ್ಯಾರ್ಥಿಯ ಫೈಲ್ ತುಂಬಿರಬೇಕು ಎಂದು ಜಿಲ್ಲಾಡಳಿತ ಒಂದು ಗಡುವು ಹಾಕಿಕೊಳ್ಳಲಿ.

ಕೊನೆಯದಾಗಿ ನಿಮ್ಮಲ್ಲಿಯೂ ಒಂದು ಬೇಡಿಕೆ. ಅಧಿಸೂಚನೆಗಳು ಜಾಲತಾಣದಲ್ಲಿ ಬರುತ್ತವೆ, ಅರ್ಧಕ್ಕರ್ಧ ಇಂಗ್ಲಿಷಿನಲ್ಲಿ. ನಮ್ಮ ಹಳ್ಳಿಗಳಲ್ಲಿ ಹೋಟೆಲಿನ ಮೇಜಿನ ಮೇಲೆ, ಕ್ಷೌರದ ಅಂಗಡಿಯಲ್ಲಿ, ಗ್ರಂಥಾಲಯದಲ್ಲಿ ಈಗಲೂ ಪತ್ರಿಕೆ ಓದುತ್ತಾರೆ. ನವೆಂಬರಿನಿಂದ ಆಗಸ್ಟ್‌ವರೆಗೆ ಜಿಲ್ಲಾ ಪುಟದ ಒಂದು ಮೂಲೆಯಲ್ಲಿ, ವಾರಕ್ಕೊಮ್ಮೆಯಾದರೂ, ಯಾವ ಅರ್ಜಿ ಯಾವತ್ತು ಆರಂಭ, ಯಾವತ್ತು ಕೊನೆ, ಯಾವ ದಾಖಲೆ ಬೇಕು ಎಂದು ನಾಲ್ಕು ಸಾಲು ಅಚ್ಚು ಹಾಕಿ. ದಪ್ಪ ಅಕ್ಷರದಲ್ಲಿ ಹಾಕಿದರೆ ಅಜ್ಜಿಯರಿಗೂ ಯಾರಾದರೂ ಓದಿ ಹೇಳುತ್ತಾರೆ. ನಾನು ಅದನ್ನು ಪ್ರತಿ ವಾರ ಕತ್ತರಿಸಿ ಅಂಗಡಿಯ ಗಾಜಿಗೆ, ಬಸ್ ನಿಲ್ದಾಣದ ಕಡೆಗೆ ಮುಖ ಮಾಡಿ ಅಂಟಿಸುತ್ತೇನೆ.

ಇಂತಿ,
ಆನ್‌ಲೈನ್ ಕೇಂದ್ರದ ಒಬ್ಬ ಮಾಲೀಕ
ಶಹಾಪುರ, ಯಾದಗಿರಿ ಜಿಲ್ಲೆ